ಕಾದು ಪಡೆದ ನಾಯಕತ್ವ

ಕ್ರಿಕೆಟ್ ತಂಡದ ನಾಯಕ ಹೇಗಿರಬೇಕು? ಕಾಲೇಜು ಕ್ಯಾಂಟೀನಿನಲ್ಲಿ, ಹಾಸ್ಟೆಲ್ ಕೋಣೆಯಲ್ಲಿ, ಬಸ್ಸಿನಲ್ಲಿ ಈ ಪ್ರಶ್ನೆಗೆ ದಿನಕ್ಕೊಂದು ಉತ್ತರ ಸಿಗುತ್ತದೆ. ಒಬ್ಬರಿಗೆ ಮೈದಾನದಲ್ಲಿ ಗುಡುಗುವ ನಾಯಕ ಬೇಕು, ಇನ್ನೊಬ್ಬರಿಗೆ ತಣ್ಣಗಿರುವ ನಾಯಕ ಇಷ್ಟ. ಮತ್ತೊಬ್ಬರು ಎಲ್ಲಕ್ಕಿಂತ ಮೊದಲು ಅವನು ರನ್ ಹೊಡೆಯಲಿ ಎನ್ನುತ್ತಾರೆ. ಕೆಲಸದ ಸಂದರ್ಶನಕ್ಕೆ ಹೋದರೂ ನಾಯಕತ್ವದ ಗುಣಗಳ ಬಗ್ಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಗೈಡ್ ನೋಡಿ ಬಾಯಿಪಾಠ ಮಾಡಿದ ನಾಲ್ಕು ಸಾಲು ಒಪ್ಪಿಸಿ ಹೊರಗೆ ಬರುತ್ತೇವೆ. ಅಂತಹ ಪಟ್ಟಿಗಳಿಗಿಂತ ಒಂದು ಬದುಕನ್ನು ನೋಡುವುದು ಮೇಲು. ಆ ಬದುಕು ವೆಸ್ಟ್ ಇಂಡೀಸ್ ತಂಡದ ನಾಯಕರಾಗಿದ್ದ ಸರ್ ಫ್ರಾಂಕ್ ವೊರೆಲ್ ಅವರದು. ಅವರು ತೀರಿಕೊಂಡು ಅರ್ಧ ಶತಮಾನ ದಾಟಿದೆ. ಆದರೂ ಒಳ್ಳೆಯ ನಾಯಕರ ಮಾತು ಬಂದಾಗ ಜಗತ್ತಿನ ಕ್ರಿಕೆಟ್ ಬಲ್ಲವರು ಇಂದಿಗೂ ಮೊದಲು ನೆನೆಯುವ ಹೆಸರುಗಳಲ್ಲಿ ಅವರದೂ ಒಂದು.

ವೊರೆಲ್ ಹುಟ್ಟಿದ್ದು 1924ರ ಆಗಸ್ಟ್ 1ರಂದು, ಕೆರಿಬಿಯನ್ ಸಮುದ್ರದ ಅಂಚಿನ ಪುಟ್ಟ ದ್ವೀಪ ಬಾರ್ಬಡೋಸ್‌ನಲ್ಲಿ. ಮನೆಯಿಂದ ಸ್ವಲ್ಪವೇ ದೂರದಲ್ಲಿ ಕೆನ್ಸಿಂಗ್ಟನ್ ಓವಲ್ ಮೈದಾನವಿತ್ತು. ಅದೇ ಸುತ್ತಮುತ್ತಲಲ್ಲಿ, ಹದಿನೆಂಟು ತಿಂಗಳ ಒಳಗೆ, ಎವರ್ಟನ್ ವೀಕ್ಸ್ ಮತ್ತು ಕ್ಲೈಡ್ ವಾಲ್ಕಾಟ್ ಕೂಡ ಹುಟ್ಟಿದರು. ಮುಂದೆ ಈ ಮೂವರೂ ಒಟ್ಟಿಗೆ ವೆಸ್ಟ್ ಇಂಡೀಸ್ ಬ್ಯಾಟಿಂಗ್‌ನ ಬೆನ್ನೆಲುಬಾದರು. ಮೂವರ ಹೆಸರೂ ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರದಿಂದ ಶುರುವಾಗುವುದರಿಂದ ‘ತ್ರೀ ಡಬ್ಲ್ಯೂಸ್’ ಎಂದೇ ಪ್ರಸಿದ್ಧರಾದರು. ವೊರೆಲ್ ಚಿಕ್ಕವರಿದ್ದಾಗಲೇ ಹೆತ್ತವರು ದೂರವಾದರು, ಅವರನ್ನು ಸಾಕಿದ್ದು ಅಜ್ಜಿ. ಓದಿದ್ದು ಕೊಂಬರ್‌ಮೀರ್ ಶಾಲೆಯಲ್ಲಿ. ಶಾಲೆಯ ದಿನಗಳು ಅವರಿಗೆ ಸುಖದ ನೆನಪಾಗಿ ಉಳಿಯಲಿಲ್ಲ. ಹುಡುಗ ಚೆನ್ನಾಗಿ ಆಡುತ್ತಾನೆ, ಆದರೆ ಅಹಂಕಾರಿ ಎಂಬ ಮಾತು ಬೇಗ ಅಂಟಿಕೊಂಡಿತು. ಚಿಕ್ಕ ಊರಿನಲ್ಲಿ ಅಂಟಿದ ಹೆಸರು ಬೇಗ ಬಿಡುವುದಿಲ್ಲ ಎಂಬುದು ನಮಗೂ ಗೊತ್ತಿರುವ ವಿಷಯವೇ.

ಮುಂದೆ ಜಗತ್ತು ಕಂಡ ಸೊಗಸಾದ ಬ್ಯಾಟ್ಸ್‌ಮನ್‌ಗಳಲ್ಲಿ ಒಬ್ಬರಾದ ವೊರೆಲ್ ಬಾರ್ಬಡೋಸ್ ತಂಡಕ್ಕೆ ಬಂದದ್ದು ಎಡಗೈ ಸ್ಪಿನ್ ಬೌಲರ್ ಆಗಿ. ಬ್ಯಾಟಿಂಗ್ ಕ್ರಮಾಂಕದಲ್ಲಿ ಅವರ ಜಾಗ ತೀರಾ ಕೆಳಗೆ. ದಿನದಾಟದ ಕೊನೆಯಲ್ಲಿ ಮುಖ್ಯ ಬ್ಯಾಟ್ಸ್‌ಮನ್‌ಗಳನ್ನು ಉಳಿಸಲು ಕಳಿಸುವ ನೈಟ್‌ ವಾಚ್‌ಮನ್ ಆಗಿ ಹೋಗುತ್ತಾ ಹೋಗುತ್ತಾ ಅವರು ಬ್ಯಾಟ್ಸ್‌ಮನ್ ಆದರು. 1943–44ರಲ್ಲಿ ಟ್ರಿನಿಡಾಡ್ ವಿರುದ್ಧ ಔಟಾಗದೆ 308 ರನ್ ಹೊಡೆದರು. ಜಾನ್ ಗೊಡಾರ್ಡ್ ಜೊತೆ ಮುರಿಯದ ನಾಲ್ಕನೇ ವಿಕೆಟ್‌ಗೆ ಬಂದದ್ದು 502 ರನ್. ಎರಡು ವರ್ಷದ ನಂತರ ಅದೇ ಟ್ರಿನಿಡಾಡ್ ವಿರುದ್ಧ ವಾಲ್ಕಾಟ್ ಜೊತೆ ಸೇರಿ ಮುರಿಯದ 574 ರನ್ ಪೇರಿಸಿದರು. ಆಗ ವೊರೆಲ್‌ಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಇಷ್ಟಾದರೂ ಬಾರ್ಬಡೋಸ್‌ನಲ್ಲಿ ಅವರಿಗೆ ನೆಮ್ಮದಿ ಇರಲಿಲ್ಲ. 1947ರಲ್ಲಿ ಊರು ಬಿಟ್ಟು ಜಮೈಕಾಕ್ಕೆ ಹೋಗಿ ನೆಲೆಸಿದರು. ನಕ್ಷೆಯಲ್ಲಿ ಎರಡೂ ಹತ್ತಿರ ಕಾಣಬಹುದು, ನಿಜದಲ್ಲಿ ಇವುಗಳ ನಡುವೆ ಸಾವಿರ ಮೈಲಿಗೂ ಹೆಚ್ಚು ಸಮುದ್ರವಿದೆ.

ವೆಸ್ಟ್ ಇಂಡೀಸ್ ಎಂಬುದು ಒಂದು ದೇಶವಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್, ದಕ್ಷಿಣ ಅಮೆರಿಕದ ದಡದ ಬ್ರಿಟಿಷ್ ಗಯಾನಾ ಎಲ್ಲವೂ ಆಗ ಬ್ರಿಟಿಷರ ವಸಾಹತುಗಳು. ಒಬ್ಬೊಬ್ಬರಿಗೂ ತಮ್ಮ ದ್ವೀಪವೇ ದೊಡ್ಡದು. ತಂಡದ ಆಯ್ಕೆಯಲ್ಲಿ ನಮ್ಮ ದ್ವೀಪದವರು ಎಷ್ಟು, ಅವರ ದ್ವೀಪದವರು ಎಷ್ಟು ಎಂಬ ಲೆಕ್ಕ ಮೊದಲು. ಇದಕ್ಕಿಂತ ದೊಡ್ಡ ಗೆರೆ ಇನ್ನೊಂದಿತ್ತು. ತಂಡದಲ್ಲಿ ಹೆಚ್ಚಿನವರು ಕರಿಯರು, ಕೆಲವರು ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದ ಭಾರತೀಯರ ವಂಶದವರು. ಆದರೆ ನಾಯಕ ಮಾತ್ರ ಬಿಳಿಯನಾಗಿರಬೇಕು, ಇಲ್ಲವೇ ಬಿಳಿ ಬಣ್ಣಕ್ಕೆ ಹತ್ತಿರದವನಾಗಿರಬೇಕು. ಇದನ್ನು ಯಾವ ನಿಯಮ ಪುಸ್ತಕದಲ್ಲೂ ಬರೆದಿರಲಿಲ್ಲ, ಆದರೂ ಎಲ್ಲರೂ ಪಾಲಿಸುತ್ತಿದ್ದರು. ಮಹಾನ್ ಬ್ಯಾಟ್ಸ್‌ಮನ್ ಜಾರ್ಜ್ ಹೆಡ್ಲಿ ಅವರಿಗೆ 1948ರಲ್ಲಿ ಒಂದೇ ಒಂದು ಟೆಸ್ಟ್‌ಗೆ ನಾಯಕತ್ವ ಸಿಕ್ಕಿತ್ತು. ಅದರಾಚೆಗೆ ಬಾಗಿಲು ತೆರೆಯಲಿಲ್ಲ.

ಅದೇ 1948ರ ಸರಣಿಯಲ್ಲಿ ವೊರೆಲ್ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಟ ಶುರು ಮಾಡಿದರು. ಪೋರ್ಟ್ ಆಫ್ ಸ್ಪೇನ್‌ನ ಮೊದಲ ಇನಿಂಗ್ಸ್‌ನಲ್ಲೇ 97, ಮುಂದಿನ ಟೆಸ್ಟ್‌ನಲ್ಲಿ ಔಟಾಗದೆ 131. ಅದೇ ವರ್ಷದ ಕೊನೆಯಲ್ಲಿ ತಂಡ ಮೊದಲ ಬಾರಿಗೆ ಭಾರತಕ್ಕೆ ಬರುವುದಿತ್ತು. ವೊರೆಲ್ ಬರಲಿಲ್ಲ. ಆಟಕ್ಕೆ ತಕ್ಕ ಸಂಭಾವನೆ ಕೊಡಿ ಎಂದು ಕೇಳಿದ್ದೇ ಕಾರಣ, ಮಂಡಳಿ ಒಪ್ಪಲಿಲ್ಲ. ಶ್ರೀಮಂತ ಮನೆತನದ ಹವ್ಯಾಸಿ ಆಟಗಾರರಿಗೆ ಹಣದ ಚಿಂತೆ ಇರಲಿಲ್ಲ. ಆಟವನ್ನೇ ನಂಬಿದವರು ಹಣ ಕೇಳಿದರೆ ಅದು ದುರಾಸೆ, ಬಂಡಾಯ. ಅಹಂಕಾರಿ ಎಂಬ ಹಳೆಯ ಹೆಸರಿನ ಜೊತೆಗೆ ಗಲಾಟೆಯವನು ಎಂಬ ಹೊಸ ಹೆಸರೂ ಸೇರಿಕೊಂಡಿತು. ಮೊದಲ ಕೆಲಸದಲ್ಲಿ ಸಂಬಳದ ಮಾತು ಎತ್ತಲು ಅಂಜುವ ನಮ್ಮಂಥವರಿಗೆ ಅವರ ಈ ನಿಲುವಿನ ಬೆಲೆ ಏನೆಂದು ಅರ್ಥವಾಗುತ್ತದೆ. ಒಂದಿಡೀ ಪ್ರವಾಸವನ್ನೇ ಅವರು ಕಳೆದುಕೊಂಡರು.

ಆದರೆ ಕೈಕಟ್ಟಿ ಕೂರಲಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ರ‍್ಯಾಡ್‌ಕ್ಲಿಫ್ ಎಂಬ ಊರಿನ ಕ್ಲಬ್ ಸೇರಿ, ಸೆಂಟ್ರಲ್ ಲ್ಯಾಂಕಾಶೈರ್ ಲೀಗ್ ಪಂದ್ಯಗಳಲ್ಲಿ ವೃತ್ತಿಪರ ಆಟಗಾರನಾಗಿ ದುಡಿಯತೊಡಗಿದರು. ವಾರದ ಕೊನೆಗೆ ಆಟ, ಉಳಿದ ದಿನ ಬಿಡುವು. ಆ ಬಿಡುವನ್ನು ಅವರು ಓದಿಗೆ ಹಾಕಿದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿ ಅರ್ಥಶಾಸ್ತ್ರದಿಂದ ಶುರು ಮಾಡಿ ಸಾಮಾಜಿಕ ಮಾನವಶಾಸ್ತ್ರದ ಕಡೆಗೆ ಹೋದರು. ಮದುವೆಯಾಗಿ ಮಗಳಿದ್ದ, ಮೂವತ್ತು ದಾಟಿದ, ಜಗತ್ತಿಗೆಲ್ಲ ಗೊತ್ತಿದ್ದ ಆಟಗಾರ ಹುಡುಗರ ನಡುವೆ ಕೂತು ಪರೀಕ್ಷೆಗೆ ಓದಿದರು. ಪದವಿ ಕೈಗೆ ಬಂದದ್ದು 1959ರಲ್ಲಿ, ಅವರಿಗೆ ಮೂವತ್ತೈದು ಹತ್ತಿರವಾಗಿದ್ದಾಗ.

ಈ ನಡುವೆ ಭಾರತ ಅವರಿಗೆ ಚೆನ್ನಾಗಿ ಪರಿಚಯವಾಯಿತು. 1949–50 ಮತ್ತು 1950–51ರಲ್ಲಿ ಕಾಮನ್‌ವೆಲ್ತ್ ತಂಡ ಎಂಬ ಹೆಸರಿನಲ್ಲಿ ಹಲವು ದೇಶಗಳ ವೃತ್ತಿಪರ ಆಟಗಾರರ ತಂಡಗಳು ಇಲ್ಲಿಗೆ ಬಂದವು. ಅವುಗಳಲ್ಲಿ ವೊರೆಲ್ ಇದ್ದರು. ಕಾನ್ಪುರದಲ್ಲಿ ಔಟಾಗದೆ 223 ರನ್ ಹೊಡೆದರು. ಎರಡನೇ ಪ್ರವಾಸದಲ್ಲಿ ನಾಯಕ ಲೆಸ್ ಏಮ್ಸ್ ಆಡಲಾಗದ ಪಂದ್ಯಗಳಲ್ಲಿ ತಂಡವನ್ನು ಮುನ್ನಡೆಸಿದವರು ವೊರೆಲ್. ಇಂಗ್ಲೆಂಡ್, ಆಸ್ಟ್ರೇಲಿಯಾದ ಬಿಳಿಯ ಆಟಗಾರರು ಅವರ ಮಾತು ಕೇಳಿ ಫೀಲ್ಡಿಂಗ್‌ಗೆ ನಿಂತರು, ಬೌಲಿಂಗ್ ಮಾಡಿದರು. ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ಆಗಷ್ಟೇ ಸ್ವತಂತ್ರವಾಗಿದ್ದ ಭಾರತದ ಮೈದಾನಗಳಲ್ಲಿ ಸಾವಿರಾರು ಜನ ಕಣ್ಣಾರೆ ಕಂಡಿದ್ದ ಈ ಸತ್ಯವನ್ನು ಅವರ ಸ್ವಂತ ನಾಡಿನ ಮಂಡಳಿ ಒಪ್ಪಲು ಇನ್ನೂ ಹತ್ತು ವರ್ಷ ಬೇಕಾಯಿತು.

ಆ ಹತ್ತು ವರ್ಷದ ಆಟವನ್ನು ನೋಡಿ. 1950ರಲ್ಲಿ ವೆಸ್ಟ್ ಇಂಡೀಸ್ ಇಂಗ್ಲೆಂಡ್ ನೆಲದಲ್ಲಿ ಮೊದಲ ಬಾರಿಗೆ ಸರಣಿ ಗೆದ್ದಿತು, 3–1ರಿಂದ. ವೊರೆಲ್ ಆ ನಾಲ್ಕು ಟೆಸ್ಟ್‌ಗಳಲ್ಲಿ ಗಳಿಸಿದ್ದು 539 ರನ್, ಅದರಲ್ಲಿ ಟ್ರೆಂಟ್ ಬ್ರಿಜ್‌ನ 261 ಒಂದು. 1957ರ ಸೋತ ಪ್ರವಾಸದಲ್ಲಿ ಅದೇ ಟ್ರೆಂಟ್ ಬ್ರಿಜ್‌ನಲ್ಲಿ ಇನಿಂಗ್ಸ್ ಆರಂಭಿಸಿ, ಉಳಿದವರೆಲ್ಲ ಔಟಾದರೂ ತಾವು ಔಟಾಗದೆ 191 ರನ್‌ನೊಂದಿಗೆ ಮರಳಿದರು. ಲೀಡ್ಸ್‌ನಲ್ಲಿ 70 ರನ್‌ಗೆ 7 ವಿಕೆಟ್ ಪಡೆದರು. ಅವರ ಸಮಕಾಲೀನರಲ್ಲಿ ಆಟವನ್ನು ಅವರಷ್ಟು ಬಲ್ಲವರು ಕಡಿಮೆ. ಆದರೂ ನಾಯಕತ್ವ ಗೊಡಾರ್ಡ್ ಅವರಿಂದ ಸ್ಟೋಲ್‌ಮೇಯರ್ ಅವರಿಗೆ, ಅಲ್ಲಿಂದ ಡೆನಿಸ್ ಅಟ್ಕಿನ್ಸನ್ ಅವರಿಗೆ, ಮತ್ತೆ ತಿರುಗಿ ಗೊಡಾರ್ಡ್ ಅವರಿಗೇ ಹೋಯಿತು. ಅಟ್ಕಿನ್ಸನ್ ವಯಸ್ಸಿನಲ್ಲೂ ಅನುಭವದಲ್ಲೂ ವೊರೆಲ್‌ಗಿಂತ ಕಿರಿಯರು. ವೊರೆಲ್, ವೀಕ್ಸ್, ವಾಲ್ಕಾಟ್ ಮೂವರೂ ತಂಡದಲ್ಲಿದ್ದಾಗಲೇ ಅವರು ನಾಯಕರಾದರು.

1957–58ರ ಪಾಕಿಸ್ತಾನ ಸರಣಿ ಮತ್ತು ಅದರ ಮರುವರ್ಷದ ಭಾರತ ಪ್ರವಾಸದ ಹೊತ್ತಿಗೆ ಮಾತು ಬದಲಾಯಿತು. ನಾಯಕತ್ವ ವಹಿಸುತ್ತೀರಾ ಎಂಬ ಪ್ರಶ್ನೆ ಕೊನೆಗೂ ವೊರೆಲ್ ಬಳಿ ಬಂತು. ಅವರು ಬೇಡವೆಂದರು! ಓದು ಅರ್ಧದಲ್ಲಿತ್ತು, ಪರೀಕ್ಷೆ ಮುಗಿಸಬೇಕಿತ್ತು. ಅಷ್ಟು ವರ್ಷ ಕಾದ ಹುದ್ದೆ ಬಾಗಿಲಿಗೆ ಬಂದಾಗ ಪದವಿ ಮುಗಿಯಲಿ ಎಂದವರು ಎಷ್ಟು ಜನ ಸಿಗುತ್ತಾರೆ? ಆ ಎರಡು ಸರಣಿಗಳಲ್ಲಿ ಜಮೈಕಾದ ಗೆರ್ರಿ ಅಲೆಕ್ಸಾಂಡರ್ ನಾಯಕರಾದರು. ಅಲೆಕ್ಸಾಂಡರ್ ಕೇಂಬ್ರಿಜ್‌ನಲ್ಲಿ ಓದಿದವರು, ಮೈಬಣ್ಣ ಬಿಳಿಗೆ ಹತ್ತಿರ. ವಿಕೆಟ್ ಕೀಪರ್ ಆಗಿ ಒಳ್ಳೆಯ ಆಟಗಾರ, ಮನುಷ್ಯರಾಗಿಯೂ ಒಳ್ಳೆಯವರು. ತೊಂದರೆ ಬಂದದ್ದು 1959–60ರಲ್ಲಿ. ಓದು ಮುಗಿಸಿ ವೊರೆಲ್ ತಂಡಕ್ಕೆ ಮರಳಿದ್ದರು. ಆದರೂ ಇಂಗ್ಲೆಂಡ್ ವಿರುದ್ಧದ ಸರಣಿಗೆ ಅಲೆಕ್ಸಾಂಡರ್ ಅವರೇ ನಾಯಕರಾಗಿ ಮುಂದುವರಿದರು.

ಆ ಸರಣಿಯ ಮೊದಲ ಟೆಸ್ಟ್‌ನಲ್ಲಿ ವೊರೆಲ್ ಹನ್ನೊಂದು ಗಂಟೆಗೂ ಹೆಚ್ಚು ಕಾಲ ಕ್ರೀಸಿನಲ್ಲಿ ನಿಂತು ಔಟಾಗದೆ 197 ರನ್ ಮಾಡಿದರು. ಗ್ಯಾರಿ ಸೋಬರ್ಸ್ ಜೊತೆ 399 ರನ್ ಜೊತೆಯಾಟ. ಟ್ರಿನಿಡಾಡ್‌ನಲ್ಲಿ ‘ದಿ ನೇಷನ್’ ಪತ್ರಿಕೆಯ ಸಂಪಾದಕರಾಗಿದ್ದ ಸಿ.ಎಲ್.ಆರ್. ಜೇಮ್ಸ್ ವೊರೆಲ್ ಪರವಾಗಿ ಬಿಡದೆ ಬರೆದರು. ಇದು ಒಬ್ಬ ಆಟಗಾರನ ಬಡ್ತಿಯ ಪ್ರಶ್ನೆಯಾಗಿ ಉಳಿಯಲಿಲ್ಲ. ತಮ್ಮನ್ನು ತಾವೇ ಆಳಿಕೊಳ್ಳಲು ಹೊರಟ ಜನರಿಗೆ ತಮ್ಮ ಕ್ರಿಕೆಟ್ ತಂಡವನ್ನು ತಾವೇ ನಡೆಸುವ ಯೋಗ್ಯತೆ ಇಲ್ಲವೇ ಎಂಬ ಪ್ರಶ್ನೆಯಾಯಿತು. ಕೊನೆಗೆ 1960–61ರ ಆಸ್ಟ್ರೇಲಿಯಾ ಪ್ರವಾಸಕ್ಕೆ ವೊರೆಲ್ ಅವರನ್ನು ನಾಯಕರನ್ನಾಗಿ ಆರಿಸಲಾಯಿತು. ಪೂರ್ತಿ ಸರಣಿಗೆ ವೆಸ್ಟ್ ಇಂಡೀಸ್ ನಾಯಕರಾಗಿ ನೇಮಕಗೊಂಡ ಮೊದಲ ಕರಿಯ ಅವರು. ಆಗ ಅವರಿಗೆ ಮೂವತ್ತಾರು. ಹೆಚ್ಚಿನ ಆಟಗಾರರು ಬ್ಯಾಟ್ ಕೆಳಗಿಡುವ ವಯಸ್ಸು.

ಇಲ್ಲಿಂದ ಅವರ ನಿಜವಾದ ಪರೀಕ್ಷೆ ಶುರು. ಗೆದ್ದರೆ ಸರಿ, ಸೋತರೆ ಒಬ್ಬ ಮನುಷ್ಯ ಸೋತ ಎಂದು ಯಾರೂ ಹೇಳುವುದಿಲ್ಲ, ಅವರ ಕೈಲಾಗದ ಕೆಲಸ ಎಂದು ಇಡೀ ಜನಾಂಗದ ಮೇಲೆ ಹಾಕುತ್ತಾರೆ. ಮೇಲಾಗಿ, ಕೆಳಗಿಳಿದ ನಾಯಕ ಅಲೆಕ್ಸಾಂಡರ್ ಅದೇ ತಂಡದಲ್ಲಿ ವಿಕೆಟ್ ಕೀಪರ್ ಆಗಿ ಇದ್ದರು. ಹಿಂದಿನ ನಾಯಕ ಮುಂದಿನ ನಾಯಕನ ಕೈಕೆಳಗೆ ಆಡುವುದು ಎಷ್ಟು ಕಷ್ಟ ಎಂಬುದನ್ನು ನಾವು ನಮ್ಮ ಕಾಲದಲ್ಲೂ ನೋಡಿದ್ದೇವೆ. ವೊರೆಲ್ ಅವರನ್ನು ದೂರ ಇಡಲಿಲ್ಲ, ಜೊತೆಗೆ ಇಟ್ಟುಕೊಂಡರು. ಅಲೆಕ್ಸಾಂಡರ್ ಕೂಡ ಮುನಿಸಿಕೊಳ್ಳದೆ ಮನಸ್ಸಿಟ್ಟು ಆಡಿದರು. ಆ ಪ್ರವಾಸದ ಟೆಸ್ಟ್‌ಗಳಲ್ಲಿ ವೆಸ್ಟ್ ಇಂಡೀಸ್ ಪರ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಸ್ಥಾನ ಪಡೆದದ್ದು ಸೋಬರ್ಸ್ ಅಲ್ಲ, ಕನ್ಹಾಯ್ ಅಲ್ಲ, ಅಲೆಕ್ಸಾಂಡರ್! 484 ರನ್, ಸರಾಸರಿ 60ಕ್ಕೂ ಮೇಲೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಒಬ್ಬ ನಾಯಕನಿಗೆ ಇನ್ನೇನು ಬೇಕು?

ಬ್ರಿಸ್ಬೇನ್‌ನ ಮೊದಲ ಟೆಸ್ಟ್‌ನ ಕತೆ ಕ್ರಿಕೆಟ್ ಪ್ರಿಯರಿಗೆಲ್ಲ ಗೊತ್ತು. 1960ರ ಡಿಸೆಂಬರ್ 14, ಕೊನೆಯ ದಿನ. ಆಸ್ಟ್ರೇಲಿಯಾಕ್ಕೆ ಗುರಿ 233. 92 ರನ್‌ಗೆ 6 ವಿಕೆಟ್ ಬಿದ್ದಾಗ ಪಂದ್ಯ ವೆಸ್ಟ್ ಇಂಡೀಸ್ ಕೈಯಲ್ಲಿತ್ತು. ಆಮೇಲೆ ಅಲನ್ ಡೇವಿಡ್ಸನ್ ಮತ್ತು ನಾಯಕ ರಿಚಿ ಬೆನೊ 134 ರನ್ ಸೇರಿಸಿ ಪಂದ್ಯವನ್ನು ಕಿತ್ತುಕೊಂಡರು. ಡೇವಿಡ್ಸನ್ ರನೌಟ್ ಆದರೂ ಕೊನೆಯ ಓವರ್‌ಗೆ ಬೇಕಿದ್ದದ್ದು ಬರೀ 6 ರನ್, ಕೈಯಲ್ಲಿ 3 ವಿಕೆಟ್. ಆಗ ಆಸ್ಟ್ರೇಲಿಯಾದಲ್ಲಿ ಓವರ್‌ಗೆ ಎಂಟು ಎಸೆತ. ಚೆಂಡು ವೇಗದ ಬೌಲರ್ ವೆಸ್ ಹಾಲ್ ಕೈಯಲ್ಲಿ.

ಮೊದಲ ಎಸೆತಕ್ಕೆ ಒಂದು ಲೆಗ್‌ಬೈ. ಬೆನೊಗೆ ಬೌನ್ಸರ್ ಹಾಕಬಾರದು ಎಂದು ವೊರೆಲ್ ಹೇಳಿದ್ದರು. ಎರಡನೇ ಎಸೆತವನ್ನು ಹಾಲ್ ಬೌನ್ಸರನ್ನೇ ಹಾಕಿದರು, ಬೆನೊ ಕೀಪರ್‌ಗೆ ಕ್ಯಾಚ್ ಕೊಟ್ಟು ಔಟ್. ಐದನೇ ಎಸೆತಕ್ಕೆ ಗ್ರೌಟ್ ಬ್ಯಾಟಿನಿಂದ ಚೆಂಡು ಆಕಾಶಕ್ಕೆ ಹೋಯಿತು. ಕೆಳಗೆ ಕನ್ಹಾಯ್ ಕಾದು ನಿಂತಿದ್ದರು. ಹಾಲ್ ಓಡಿ ಬಂದು ನುಗ್ಗಿ ಆ ಕ್ಯಾಚನ್ನು ಕೆಡಿಸಿದರು. ಆರನೇ ಎಸೆತದಲ್ಲಿ ಮೆಕಿಫ್ ಹೊಡೆದ ಚೆಂಡನ್ನು ದೂರದ ಬೌಂಡರಿ ಬಳಿಯಿಂದ ಹಂಟ್ ನೇರ ಕೀಪರ್ ಕೈಗೆ ಎಸೆದರು. ಮೂರನೇ ರನ್‌ಗೆ ಓಡಿದ ಗ್ರೌಟ್ ಔಟ್. ಸ್ಕೋರು ಸಮ, ಉಳಿದದ್ದು ಒಂದು ವಿಕೆಟ್, ಎರಡು ಎಸೆತ.

ಆ ಹೊತ್ತಿನಲ್ಲಿ ನಾಯಕ ಏನು ಮಾಡಬೇಕು? ಕ್ಯಾಚ್ ಕೆಡಿಸಿದವನನ್ನು ಬೈಯಬಹುದು. ಕೈಬೀಸಿ ಕೂಗಾಡಬಹುದು. ವೊರೆಲ್ ಹಾಲ್ ಬಳಿಗೆ ಹೋಗಿ ಒಂದೇ ವಿಷಯ ನೆನಪಿಸಿದರು: ನೋಬಾಲ್ ಮಾತ್ರ ಆಗಬಾರದು, ಆದರೆ ಊರಿಗೆ ಹೋಗಿ ಮುಖ ತೋರಿಸಲಾಗದು. ತಮಾಷೆಯಂತೆ ಹೇಳಿದ ಮಾತಿನಲ್ಲಿ ಆ ಗಳಿಗೆಗೆ ಬೇಕಿದ್ದ ಒಂದೇ ಒಂದು ಎಚ್ಚರ ಇತ್ತು. ಹಾಲ್ ಕ್ರೀಸಿನ ಗೆರೆಯಿಂದ ತುಂಬಾ ಹಿಂದೆ ಕಾಲಿಟ್ಟು ಎಸೆದರು. ಕ್ಲೈನ್ ಚೆಂಡನ್ನು ಸ್ಕ್ವೇರ್ ಲೆಗ್ ಕಡೆ ತಳ್ಳಿ ಓಡಿದರು. ಪಕ್ಕದಿಂದ ನೋಡಿದರೆ ಒಂದೇ ಸ್ಟಂಪ್ ಕಾಣುವ ಕೋನದಿಂದ ಜೋ ಸೋಲೊಮನ್ ಗುರಿಯಿಟ್ಟು ವಿಕೆಟ್ ಉರುಳಿಸಿದರು. ಮೆಕಿಫ್ ರನೌಟ್. ಟೆಸ್ಟ್ ಇತಿಹಾಸದ ಮೊದಲ ಟೈ. ಆ ಪಂದ್ಯದ ಎರಡೂ ಇನಿಂಗ್ಸ್‌ಗಳಲ್ಲಿ ನಾಯಕ ವೊರೆಲ್ ಗಳಿಸಿದ್ದು 65, 65. ದೊಡ್ಡ ಶತಕಗಳ ನೆರಳಿನಲ್ಲಿ ಯಾರ ಕಣ್ಣಿಗೂ ಬೀಳದ ಅಂಕಿ, ಅವುಗಳಲ್ಲಿ ಒಂದು ರನ್ ಕಡಿಮೆಯಾಗಿದ್ದರೂ ಟೈ ಇಲ್ಲ.

ಆ ಸರಣಿಯನ್ನು ವೆಸ್ಟ್ ಇಂಡೀಸ್ 2–1ರಿಂದ ಸೋತಿತು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ವೊರೆಲ್ ಅವರ ಅತಿ ದೊಡ್ಡ ಹೆಸರು ಬಂದದ್ದು ಸೋತ ಸರಣಿಯಿಂದ. ಮೆಲ್ಬರ್ನ್‌ನ ಎರಡನೇ ಟೆಸ್ಟ್‌ನಲ್ಲಿ ಸೋಲೊಮನ್ ಅವರ ಟೋಪಿ ಜಾರಿ ಸ್ಟಂಪ್ ಮೇಲೆ ಬಿತ್ತು, ಹಿಟ್ ವಿಕೆಟ್ ಎಂದು ಔಟ್. ತಮ್ಮದೇ ನಾಯಕ ಅಪೀಲ್ ಮಾಡಿದ್ದಕ್ಕೆ ಆಸ್ಟ್ರೇಲಿಯಾದ ಜನ ಕೂಗಿದರು. ಅಡಿಲೇಡ್‌ನಲ್ಲಿ ಗೆಲುವು ಒಂದು ವಿಕೆಟ್ ದೂರದಲ್ಲಿದ್ದಾಗ ಸೋಬರ್ಸ್ ಹಿಡಿದ ಕ್ಯಾಚನ್ನು ಅಂಪೈರ್ ಒಪ್ಪಲಿಲ್ಲ. ಮೆಕೆ ಮತ್ತು ಕ್ಲೈನ್ ಕೊನೆಯವರೆಗೂ ನಿಂತು ಪಂದ್ಯ ಡ್ರಾ ಮಾಡಿದರು. ಕೊನೆಯ ಟೆಸ್ಟ್‌ನ ಕೊನೆಯ ನಿಮಿಷಗಳಲ್ಲಿ ಗ್ರೌಟ್ ವಿಕೆಟ್‌ನ ಬೇಲ್ ನೆಲಕ್ಕೆ ಬಿದ್ದಿತ್ತು, ಕೀಪರ್ ತೋರಿಸಿದರು. ಅಂಪೈರ್‌ಗಳು ಔಟ್ ಕೊಡಲಿಲ್ಲ. ಆಸ್ಟ್ರೇಲಿಯಾ ಎರಡು ವಿಕೆಟ್‌ಗಳಿಂದ ಗೆದ್ದಿತು.

ಇಷ್ಟರಲ್ಲಿ ಒಂದು ಸಾಕು, ಒಂದು ಪ್ರವಾಸ ಜಗಳದಲ್ಲಿ ಮುಗಿಯಲು. ವೊರೆಲ್ ತಂಡ ಮರುಮಾತಾಡದೆ ಮುಂದಿನ ಎಸೆತಕ್ಕೆ ಸಿದ್ಧವಾಯಿತು. ಅನ್ಯಾಯವನ್ನು ನುಂಗುವುದು ಅವರ ಸ್ವಭಾವವಾಗಿರಲಿಲ್ಲ. ಸಂಭಾವನೆಗಾಗಿ ಪ್ರವಾಸವನ್ನೇ ಬಿಟ್ಟವರು ಅವರು. ಯಾವುದಕ್ಕೆ ಹಟ ಹಿಡಿಯಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಎಂಬ ಲೆಕ್ಕ ಅವರಿಗೆ ಸ್ಪಷ್ಟವಿತ್ತು. ಅಂಪೈರ್‌ ತೀರ್ಪು ಆಟದ ಭಾಗ. ದುಡಿಮೆಗೆ ಬೆಲೆ ಕೊಡದಿರುವುದು ಆಟದ ಭಾಗ ಅಲ್ಲ.

ಆ ಕೊನೆಯ ಟೆಸ್ಟ್‌ನ ಒಂದು ದಿನ ಮೆಲ್ಬರ್ನ್ ಮೈದಾನದಲ್ಲಿ 90,800 ಜನ ಸೇರಿದ್ದರು. ಅದಕ್ಕೆ ಮೊದಲು ಟೆಸ್ಟ್ ಕ್ರಿಕೆಟ್ ನೀರಸವಾಗಿ, ಜನ ಮೈದಾನಕ್ಕೆ ಬರುವುದೇ ಕಡಿಮೆಯಾಗಿತ್ತು. ಸರಣಿ ಮುಗಿದ ಮೇಲೆ ತೆರೆದ ಕಾರುಗಳಲ್ಲಿ ಸೋತ ತಂಡದ ಮೆರವಣಿಗೆ ಹೊರಟಾಗ ಮೆಲ್ಬರ್ನ್ ಬೀದಿಗಳಲ್ಲಿ ಬೀಳ್ಕೊಡಲು ಜನಸಾಗರವೇ ನಿಂತಿತ್ತು. ಬಿಳಿಯರಲ್ಲದವರು ಬಂದು ನೆಲೆಸದಂತೆ ತಡೆಯುವ ನೀತಿ ಆಸ್ಟ್ರೇಲಿಯಾದಲ್ಲಿ ಆಗ ಇನ್ನೂ ಜಾರಿಯಲ್ಲಿದ್ದ ಕಾಲ ಅದು. ಎರಡು ದೇಶಗಳ ನಡುವಿನ ಸರಣಿಗಾಗಿ ಅಲ್ಲಿ ಹೊಸ ಟ್ರೋಫಿಯೊಂದನ್ನು ಮಾಡಿಸಿದರು. ಟೈ ಆದ ಪಂದ್ಯದ ಚೆಂಡನ್ನು ಅದರಲ್ಲಿ ಕೂರಿಸಿ, ಸೋತ ನಾಯಕನ ಹೆಸರಿಟ್ಟರು: ಫ್ರಾಂಕ್ ವೊರೆಲ್ ಟ್ರೋಫಿ.

ಮರುವರ್ಷ ಭಾರತ ತಂಡ ಕೆರಿಬಿಯನ್‌ಗೆ ಹೋಯಿತು. ವೊರೆಲ್ ತಂಡ ಐದಕ್ಕೆ ಐದೂ ಟೆಸ್ಟ್ ಗೆದ್ದಿತು. ನಮಗೆ ಆ ಪ್ರವಾಸ ನೆನಪಿರುವುದು ಬೇರೆ ಕಾರಣಕ್ಕೆ. 1962ರ ಮಾರ್ಚ್‌ನಲ್ಲಿ ಬಾರ್ಬಡೋಸ್ ವಿರುದ್ಧದ ಪಂದ್ಯದಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಭಾರತದ ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಬಡಿಯಿತು. ಹೆಲ್ಮೆಟ್ ಇಲ್ಲದ ಕಾಲ. ತಲೆಬುರುಡೆ ಬಿರುಕುಬಿಟ್ಟು ಜೀವ ಹೋಗುವ ಸ್ಥಿತಿ, ಶಸ್ತ್ರಚಿಕಿತ್ಸೆಗೆ ತುರ್ತಾಗಿ ರಕ್ತ ಬೇಕು. ರಕ್ತ ಕೊಡಲು ಮುಂದೆ ಬಂದವರಲ್ಲಿ ವೊರೆಲ್ ಮೊದಲಿಗರು. ಭಾರತ ತಂಡದ ಪಾಲಿ ಉಮ್ರಿಗರ್, ಬಾಪು ನಾಡಕರ್ಣಿ, ಚಂದು ಬೋರ್ಡೆ ಕೂಡ ಕೊಟ್ಟರು. ಕಾಂಟ್ರಾಕ್ಟರ್ ಬದುಕುಳಿದರು, ಆದರೆ ಮತ್ತೆ ಟೆಸ್ಟ್ ಆಡಲಿಲ್ಲ. ಆ ಸರಣಿಯ ಮುಂದಿನ ಟೆಸ್ಟ್‌ನಲ್ಲಿ ಇಪ್ಪತ್ತೊಂದು ವರ್ಷದ ಮನ್ಸೂರ್ ಅಲಿ ಖಾನ್ ಪಟೌಡಿ ಭಾರತದ ನಾಯಕರಾದರು.

ನಾಯಕರಾಗಿ ವೊರೆಲ್ ಅವರ ಕೊನೆಯ ಸರಣಿ 1963ರ ಇಂಗ್ಲೆಂಡ್ ಪ್ರವಾಸ, ಅದನ್ನು 3–1ರಿಂದ ಗೆದ್ದರು. ಲಾರ್ಡ್ಸ್ ಟೆಸ್ಟ್‌ನ ಕೊನೆಯ ಓವರ್ ಬ್ರಿಸ್ಬೇನ್ ಅನ್ನೇ ನೆನಪಿಸುವಂಥದ್ದು. ಮತ್ತೆ ಚೆಂಡು ಹಾಲ್ ಕೈಯಲ್ಲಿ. ಇಂಗ್ಲೆಂಡಿನ ಶ್ಯಾಕಲ್‌ಟನ್ ಚೆಂಡು ತಾಗದೆಯೇ ರನ್‌ಗೆ ಓಡಲು ಹೊರಟರು. ಚೆಂಡು ವೊರೆಲ್ ಕೈಗೆ ಬಂತು. ಎಸೆದರೆ ಗುರಿ ತಪ್ಪಬಹುದು, ತಪ್ಪಿದರೆ ಪಂದ್ಯವೇ ಹೋಗಬಹುದು. ಮೂವತ್ತೆಂಟು ವರ್ಷದ ವೊರೆಲ್ ಚೆಂಡನ್ನು ಕೈಯಲ್ಲೇ ಹಿಡಿದು, ಬ್ಯಾಟ್ಸ್‌ಮನ್ ಜೊತೆ ಪೈಪೋಟಿಗೆ ಬಿದ್ದವರಂತೆ ಓಡಿ ಬೇಲ್ ಉರುಳಿಸಿದರು. ಮುರಿದ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಕೌಡ್ರೆ ಕೊನೆಯ ಬ್ಯಾಟ್ಸ್‌ಮನ್ ಆಗಿ ಬಂದರು. ಉಳಿದ ಎರಡು ಎಸೆತಗಳನ್ನು ಎದುರಿನವರು ತಡೆದರು, ಪಂದ್ಯ ಡ್ರಾ. ಗೆಲ್ಲಲು ಇಂಗ್ಲೆಂಡಿಗೆ 6 ರನ್ ಬೇಕಿತ್ತು, ವೆಸ್ಟ್ ಇಂಡೀಸ್‌ಗೆ ಒಂದು ವಿಕೆಟ್.

ವೊರೆಲ್ ನಾಯಕರಾಗಿ ಆಡಿದ್ದು 15 ಟೆಸ್ಟ್ ಮಾತ್ರ. 9 ಗೆಲುವು, 3 ಸೋಲು, 2 ಡ್ರಾ, 1 ಟೈ. ಒಟ್ಟು 51 ಟೆಸ್ಟ್‌ಗಳಲ್ಲಿ 3,860 ರನ್, 9 ಶತಕ, 69 ವಿಕೆಟ್. ಈ ಅಂಕಿಗಳನ್ನು ಮೀರಿಸಿದ ನಾಯಕರು ಆಮೇಲೆ ಎಷ್ಟೋ ಜನ ಬಂದಿದ್ದಾರೆ. ಆದರೆ ತಂಡದೊಳಗೆ ಅವರು ತಂದ ಬದಲಾವಣೆಯನ್ನು ಅಂಕಿಯಲ್ಲಿ ಹೇಳಲಾಗದು. ಬಾರ್ಬಡೋಸ್‌ನವರು ಒಂದು ಕಡೆ, ಜಮೈಕಾದವರು ಇನ್ನೊಂದು ಕಡೆ ಕೂರುತ್ತಿದ್ದ ಕಾಲ ಮುಗಿಯಿತು. ಕಬ್ಬಿನ ತೋಟದ ಊರಿನಿಂದ ಬಂದ ಕನ್ಹಾಯ್, ಸೋಲೊಮನ್ ಎಲ್ಲರಿಗೂ ಸಮನಾಗಿ ಬೆಳೆದರು. ಬಾರ್ಬಡೋಸ್‌ನಲ್ಲಿ ಹುಟ್ಟಿ, ಜಮೈಕಾದಲ್ಲಿ ನೆಲೆಸಿ, ಇಂಗ್ಲೆಂಡಿನಲ್ಲಿ ದುಡಿದು ಓದಿದ ಮನುಷ್ಯ ಯಾವುದೋ ಒಂದು ದ್ವೀಪದ ನಾಯಕನಾಗುವುದು ಸಾಧ್ಯವೂ ಇರಲಿಲ್ಲ.

ಆಟ ಬಿಟ್ಟ ಮೇಲೂ ಅವರು ಹುದ್ದೆಗೆ ಅಂಟಿಕೊಳ್ಳಲಿಲ್ಲ. ತಮ್ಮ ನಂತರ ಸೋಬರ್ಸ್ ನಾಯಕರಾಗಲಿ ಎಂದು ಸೂಚಿಸಿದರು. 1964–65ರಲ್ಲಿ ಆಸ್ಟ್ರೇಲಿಯಾ ಬಂದಾಗ ತಂಡದ ಮ್ಯಾನೇಜರ್ ಆಗಿ ಹಿಂದೆ ನಿಂತರು. ತಮ್ಮದೇ ಹೆಸರಿನ ಟ್ರೋಫಿಯನ್ನು ವೆಸ್ಟ್ ಇಂಡೀಸ್ ಮೊದಲ ಬಾರಿಗೆ ಗೆದ್ದದ್ದು ಆಗಲೇ, ಸೋಬರ್ಸ್ ನಾಯಕತ್ವದಲ್ಲಿ. 1964ರಲ್ಲಿ ಅವರಿಗೆ ಸರ್ ಪದವಿ ಬಂತು. ಜಮೈಕಾದ ಸೆನೆಟ್ ಸದಸ್ಯರಾಗಿದ್ದರು. ಆದರೆ ಅವರು ದಿನನಿತ್ಯ ಮಾಡಿದ ಕೆಲಸ ನಮ್ಮಂಥ ವಿದ್ಯಾರ್ಥಿಗಳ ನಡುವೆ. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜಮೈಕಾ ಕ್ಯಾಂಪಸ್‌ನಲ್ಲಿ ಹಾಸ್ಟೆಲ್ ವಾರ್ಡನ್, ನಂತರ ಟ್ರಿನಿಡಾಡ್ ಕ್ಯಾಂಪಸ್‌ನಲ್ಲಿ ವಿದ್ಯಾರ್ಥಿಗಳ ಡೀನ್. ದ್ವೀಪಗಳನ್ನೆಲ್ಲ ಒಂದು ಒಕ್ಕೂಟವಾಗಿಸುವ ಪ್ರಯತ್ನ 1962ರಲ್ಲಿ ಮುರಿದುಬಿದ್ದಿತ್ತು. ಎಲ್ಲ ದ್ವೀಪಗಳಿಗೂ ಸೇರಿದ್ದಾಗಿ ಉಳಿದ ದೊಡ್ಡ ಸಂಸ್ಥೆಗಳೆಂದರೆ ಕ್ರಿಕೆಟ್ ತಂಡ ಮತ್ತು ವಿಶ್ವವಿದ್ಯಾಲಯ. ವೊರೆಲ್ ಎರಡಕ್ಕೂ ದುಡಿದರು.

1966ರ ನವೆಂಬರ್‌ನಲ್ಲಿ ಬಾರ್ಬಡೋಸ್ ಸ್ವತಂತ್ರವಾಯಿತು. ಆ ಸಂಭ್ರಮಕ್ಕೆ ಬಾರ್ಬಡೋಸ್ ಒಂದೇ ವಿಶ್ವ ತಂಡದ ವಿರುದ್ಧ ಆಡುವ ಯೋಜನೆ ಸಿದ್ಧವಾದಾಗ ವೊರೆಲ್ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಕಷ್ಟಪಟ್ಟು ಒಂದಾದ ತಂಡ ಮತ್ತೆ ದ್ವೀಪಗಳಾಗಿ ಒಡೆಯಬಾರದು ಎಂಬುದು ಅವರ ಕಾಳಜಿ. ಹುಟ್ಟೂರಿನಲ್ಲಿ ಅನೇಕರು ಸಿಟ್ಟಾದರು. ಇಪ್ಪತ್ತು ವರ್ಷದ ಹಿಂದೆ ಊರು ಬಿಟ್ಟು ಹೋದವನು ಎಂಬ ಮಾತು ಮತ್ತೆ ಎದ್ದಿತು. ಅವರು ಅಭಿಪ್ರಾಯ ಬದಲಿಸಲಿಲ್ಲ.

1966–67ರಲ್ಲಿ ವೆಸ್ಟ್ ಇಂಡೀಸ್ ತಂಡದ ಜೊತೆ ಭಾರತಕ್ಕೆ ಬಂದಿದ್ದಾಗ ಅವರ ಆರೋಗ್ಯ ಕೆಟ್ಟಿತು. ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಜಮೈಕಾಕ್ಕೆ ಮರಳಿದ ಸ್ವಲ್ಪವೇ ದಿನಗಳಲ್ಲಿ, 1967ರ ಮಾರ್ಚ್ 13ರಂದು, ತೀರಿಕೊಂಡರು. ವಯಸ್ಸು ನಲವತ್ತೆರಡು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರಿಗಾಗಿ ಸ್ಮರಣೆಯ ಪ್ರಾರ್ಥನೆ ನಡೆಯಿತು. ಅಲ್ಲಿ ಅಂತಹ ಗೌರವ ಪಡೆದ ಮೊದಲ ಕ್ರೀಡಾಪಟು ಅವರು. ಸಮಾಧಿ ಆದದ್ದು ಬಿಟ್ಟು ಹೋದ ಬಾರ್ಬಡೋಸ್‌ನಲ್ಲೇ, ವಿಶ್ವವಿದ್ಯಾಲಯದ ಕೇವ್ ಹಿಲ್ ಕ್ಯಾಂಪಸ್‌ನಲ್ಲಿ. ಮುಂದೆ ವಾಲ್ಕಾಟ್ ಮತ್ತು ವೀಕ್ಸ್ ಕೂಡ ಅಲ್ಲೇ ಅವರ ಪಕ್ಕಕ್ಕೆ ಬಂದರು. ಬಾರ್ಬಡೋಸ್‌ನ ಐದು ಡಾಲರ್ ನೋಟಿನ ಮೇಲೆ ವೊರೆಲ್ ಅವರ ಚಿತ್ರವಿದೆ.

ನಮ್ಮ ದೇಶದಲ್ಲಿ ಅವರ ನೆನಪು ಇನ್ನೊಂದು ರೀತಿಯಲ್ಲಿ ಉಳಿದಿದೆ. ಬಂಗಾಳ ಕ್ರಿಕೆಟ್ ಸಂಸ್ಥೆ 1981ರಿಂದ ಪ್ರತಿ ವರ್ಷ ಫೆಬ್ರುವರಿ 3ನ್ನು ಸರ್ ಫ್ರಾಂಕ್ ವೊರೆಲ್ ದಿನವಾಗಿ ಆಚರಿಸುತ್ತದೆ. ಅಂದು ಕೋಲ್ಕತ್ತದಲ್ಲಿ ರಕ್ತದಾನ ಶಿಬಿರ ನಡೆಯುತ್ತದೆ. ವೊರೆಲ್ ಆಡಿದ್ದನ್ನು ನೋಡಿಯೇ ಇರದ ಸಾವಿರಾರು ಯುವಕ ಯುವತಿಯರು ಸಾಲಿನಲ್ಲಿ ನಿಂತು ರಕ್ತ ಕೊಟ್ಟು ಹೋಗುತ್ತಾರೆ. ಆ ರಕ್ತ ಯಾರಿಗೆ ಹೋಗುತ್ತದೆ, ಅವರ ಊರು ಯಾವುದು, ಅವರು ಯಾವ ತಂಡದವರು ಎಂದು ಕೊಟ್ಟವರು ಕೇಳುವುದಿಲ್ಲ.